ನಾನು ಅಳಿಸದ ಫೈಲ್

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಾಧು ಹೆಂಗಸು ಅಂದುಕೊಂಡು ಮೋಸ ಹೋಗಬಾರದು. ನಾನು ಓಡೈಪಟ್ಟಿಯ ದ್ರಾಕ್ಷಿ ತೋಟದವರ ಮಗಳು. ಪಕ್ಕದ ತೋಟದವರು ಒಮ್ಮೆ ನಮ್ಮ ಸರದಿಯ ನೀರನ್ನು ತಮ್ಮ ಬಳ್ಳಿಗಳಿಗೆ ತಿರುಗಿಸಿಕೊಂಡರು. ಅಮ್ಮ ಅವತ್ತೇ ಅವರ ಜೊತೆ ಮಾತು ಬಿಟ್ಟಳು. ಅವರ ಮಗಳ ಮದುವೆಗೆ ಹೋದಳು, ಹೊಟ್ಟೆ ತುಂಬ ಉಂಡಳು, ಮುಯ್ಯಿ ಇಟ್ಟಳು, ಒಂದು ಮಾತೂ ಆಡದೆ ಎದ್ದು ಬಂದಳು. "ಬಿಟ್ಟಾಕು" ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಕಟ್ಟಿದ ದನದ ವಿಷಯಕ್ಕೆ ಮಾತ್ರ ಬಳಸುತ್ತಿದ್ದರು.

ನಮ್ಮವರು ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಇಳಿದು ಬಂದು ಕಂಬಂ ಕಣಿವೆಯಲ್ಲಿ ಬೇಸಾಯಕ್ಕೆ ನಿಂತವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಈಗ ಬರೆಯುತ್ತಿರುವ ಈ ಓದುಬರಹದ ಕನ್ನಡವನ್ನು ನಾನು ದೊಡ್ಡವಳಾದ ಮೇಲೆ ಹಠ ಹಿಡಿದು ಕಲಿತದ್ದು. ನಿನಗೆ ಅದು ಬರುವುದಿಲ್ಲ ಎಂದು ಯಾರೋ ನಕ್ಕಿದ್ದರು, ಅಷ್ಟು ಸಾಕಾಯಿತು.

ಕೆಲಸ ಸಿಕ್ಕಿದ್ದು ವೇದಸಂದೂರಿನ ಆಚೆ ಒಂದು ನೂಲಿನ ಮಿಲ್ಲಿನಲ್ಲಿ. ಅಲ್ಲಿನ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಆಫೀಸಿನ ಮಹಡಿಯ ಮೇಲೆ ಒಂದು ಸಣ್ಣ ಸರ್ವರ್ ಕೋಣೆ. ಮಿಲ್ಲಿನ ಉಳಿದ ಎಲ್ಲ ಕಡೆ ಹತ್ತಿಯ ಧೂಳು ಹಾರಾಡಿದರೂ ಆ ಕೋಣೆಯನ್ನು ನಾನು ದೇವರ ಕೋಣೆಗಿಂತ ಚೊಕ್ಕಟವಾಗಿ ಇಟ್ಟುಕೊಂಡಿದ್ದೆ. ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಅದು ಅಲ್ಲಿದೆ ಎಂಬುದೇ ನನಗೆ ಒಂದು ಹೆಮ್ಮೆ.

ಮಿಲ್ಲಿಗೆ ಹೊರಗಿನಿಂದ ಬರುವ ಇಂಟರ್ನೆಟ್ ಎಲ್ಲವೂ ಆ ಕೋಣೆಯ ಒಂದು ಪೆಟ್ಟಿಗೆಯ ಮೂಲಕವೇ ಬರಬೇಕು. ಅದೇ ಫೈರ್‌ವಾಲ್. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂದು ನೋಡುವುದು ಅದರ ಕೆಲಸ. ಆಫೀಸಿನವರು ದಿನವಿಡೀ ವೀಡಿಯೊ ನೋಡುತ್ತಾರೆ ಎಂಬ ಅನುಮಾನ ನಮ್ಮ ಮ್ಯಾನೇಜರಿಗೆ ಬಂತು. ಯಾರು ಏನು ನೋಡುತ್ತಾರೆ ಎಂದು ತಿಳಿಸುವ, ಬೇಡದ್ದನ್ನು ತಡೆಯುವ ಇನ್ನೊಂದು ಸಾಫ್ಟ್‌ವೇರನ್ನು ಆ ಪೆಟ್ಟಿಗೆಗೆ ಸೇರಿಸಬೇಕೆಂದು ತೀರ್ಮಾನವಾಯಿತು. ಅದನ್ನು ಹಾಕಲು ದಿಂಡಿಗಲ್‌ನಿಂದ ಒಬ್ಬ ಕಂಟ್ರಾಕ್ಟರ್ ಬಂದ.

ಅವನನ್ನು ನಾನು ಕಂಬಂನ ಒಂದು ಮದುವೆಯಲ್ಲಿ ಮೊದಲೇ ನೋಡಿದ್ದೆ. ನಮ್ಮವರ ಪೈಕಿಯೇ. ಅವನ ತಾಯಿ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಅಪ್ಪಟ ನಮ್ಮ ಕನ್ನಡದಲ್ಲಿ ಪಾಯಸಕ್ಕೆ ಸಕ್ಕರೆ ಸಾಲದೆಂದು ಬೈದಿದ್ದರು. ಆದರೆ ಮಿಲ್ಲಿನಲ್ಲಿ ನಾನು ಮನೆಮಾತಿನಲ್ಲಿ ಮಾತಾಡಿಸಿದರೆ ಅವನು ತಮಿಳಿನಲ್ಲೇ ಉತ್ತರ ಕೊಟ್ಟ. ಇಸ್ತ್ರಿ ಮಾಡಿದ ಅಂಗಿ, ತಲೆಯ ಮೇಲೆ ತಂಪು ಕನ್ನಡಕ, ಕೈಯಲ್ಲಿ ಎರಡು ಫೋನು. ಏನು ಕೇಳಿದರೂ "ಸಿಂಪಲ್" ಅನ್ನುತ್ತಿದ್ದ. ಆ ಸಿಂಪಲ್ ಕೇಳಿಯೇ ನನಗೆ ಮೈ ಉರಿಯಲು ಶುರುವಾಗಿತ್ತು.

ಸಾಫ್ಟ್‌ವೇರ್ ಹಾಕಿ ಮುಗಿಸಿ ಅವನು ಅದನ್ನು ಶುರುಮಾಡಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಷೇರ್ಡ್ ಲೈಬ್ರರಿ ತೆರೆಯಲಾಗಲಿಲ್ಲ, ಅಂಥ ಫೈಲ್ ಇಲ್ಲ ಎಂದು ಅದರ ಅರ್ಥ. ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಗೋಳು ಇದು. ಯಾವ ಸಾಫ್ಟ್‌ವೇರೂ ತನಗೆ ಬೇಕಾದ್ದನ್ನೆಲ್ಲ ತಾನೇ ಹೊತ್ತು ತಿರುಗುವುದಿಲ್ಲ. ಕೆಲವು ಕೆಲಸಗಳನ್ನು ಲೈಬ್ರರಿ ಎಂಬ ಬೇರೆ ಫೈಲುಗಳಿಂದ ಮಾಡಿಸಿಕೊಳ್ಳುತ್ತದೆ. ಆ ಫೈಲುಗಳನ್ನು ಅದು ಗೊತ್ತಾದ ಕೆಲವು ಜಾಗಗಳಲ್ಲಿ ಮಾತ್ರ ಹುಡುಕುತ್ತದೆ. ಅಲ್ಲಿ ಕಾಣದಿದ್ದರೆ, ಫೈಲು ಪಕ್ಕದ ಫೋಲ್ಡರಿನಲ್ಲೇ ಇದ್ದರೂ ಇಲ್ಲ ಎಂದು ಹೇಳಿ ಕೈ ಚೆಲ್ಲುತ್ತದೆ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಒಂದು ಗೇಣು ಆಚೆ ಸರಿದಿದ್ದರೆ ಮನೆಯಲ್ಲಿ ಉಪ್ಪೇ ಇಲ್ಲ ಎಂದು ಕೂಗುವ ಗಂಡಸರ ಹಾಗೆ.

ನಾನು ಹಿಂದೆ ನಿಂತು ನೋಡುತ್ತಿದ್ದೆ. ಆ ಸಾಫ್ಟ್‌ವೇರಿನ ಸ್ವಂತ ಫೋಲ್ಡರಿನ ಒಳಗೇ ಲೈಬ್ರರಿಗಳದ್ದೊಂದು ಫೋಲ್ಡರ್ ಇತ್ತು. ಅವನು ಸರಸರ ದಾಟಿಸಿಕೊಂಡು ಹೋಗುವಾಗ ನನ್ನ ಕಣ್ಣಿಗೆ ಬಿದ್ದಿತ್ತು.

"ಅದ್ರೊಳ್ಗೇ ಒಂದ್ ದಪ ನೋಡಪ್ಪ, ಅಲ್ಲೇ ಇರ್ಬೌದು. ಆ ಜಾಗಾನ ಮಿಷಿನ್‌ಗೆ ತಿಳ್ಸಿದ್ರೆ ಮುಗ್ದೋಯ್ತು" ಅಂದೆ.

ಅವನು ತಿರುಗಿಯೂ ನೋಡಲಿಲ್ಲ. "ನೀಂಗ ಟೀ ಸೊಲ್ಲುಂಗ ಮೇಡಂ" ಅಂದ. ನೀವು ಹೋಗಿ ಟೀಗೆ ಹೇಳಿ ಎಂದು.

ಟೀಗೆ ಹೇಳಿದೆ. ನಾನು ವಾಪಸು ಬರುವಷ್ಟರಲ್ಲಿ ಅವನು ತನ್ನ ಲ್ಯಾಪ್‌ಟಾಪಿನಿಂದ ಪರದೆ ಕೇಳಿದ ಹೆಸರಿನ ಒಂದು ಫೈಲನ್ನು ತಂದು ಟೆಂಪ್ ಎಂಬ ಫೋಲ್ಡರಿಗೆ ಹಾಕಿದ್ದ. ಅದು ತಾತ್ಕಾಲಿಕ ಫೈಲುಗಳ ಫೋಲ್ಡರ್. ಪೆಟ್ಟಿಗೆಯನ್ನು ಆರಿಸಿ ಹಚ್ಚಿದರೆ ಅದು ತಾನಾಗಿ ಗುಡಿಸಿ ಖಾಲಿಯಾಗುತ್ತದೆ. ಅಲ್ಲಿ ಹುಡುಕು ಎಂದು ಆ ಹೊತ್ತಿಗೆ ಮಾತ್ರ ನಿಲ್ಲುವ ಒಂದು ಆಜ್ಞೆ ಕೊಟ್ಟು, ಕೈಯಿಂದಲೇ ಸಾಫ್ಟ್‌ವೇರನ್ನು ಎಬ್ಬಿಸಿದ. ಎದ್ದಿತು. ಅದು ಎದ್ದಿದ್ದರೆ ಮಾತ್ರ ಇಂಟರ್ನೆಟ್ ಒಳಗೆ ಬರುವ ಹಾಗೆ ಬಾಗಿಲನ್ನೂ ಕಟ್ಟಿದ. ಮ್ಯಾನೇಜರ್ ಅವನ ಬೆನ್ನು ತಟ್ಟಿದರು. ನಾನು ತರಿಸಿದ ಟೀಯನ್ನು ಇಬ್ಬರೂ ಕುಡಿದರು.

ಆರಿಸಿ ಹಚ್ಚಿದರೆ ಇದು ನಿಲ್ಲುವುದಿಲ್ಲ ಎಂದು ನಾನು ಮ್ಯಾನೇಜರಿಗೆ ಹೇಳಿದೆ. ಯುಪಿಎಸ್ ಇದೆ, ಜನರೇಟರ್ ಇದೆ, ಯಾಕೆ ಆರುತ್ತದೆ ಎಂದು ಅವರು ಕೇಳಿದರು. ಅವರು ಕೆಟ್ಟವರಲ್ಲ. ಮೂವತ್ತು ಕೆಲಸ ತಲೆಯಲ್ಲಿಟ್ಟುಕೊಂಡ ಮನುಷ್ಯ, ಯಾರು ಗಟ್ಟಿಯಾಗಿ ಮಾತಾಡುತ್ತಾರೋ ಅವರನ್ನು ನಂಬುತ್ತಿದ್ದರು.

ಬೇಸಿಗೆ ಕಾಲಿಡುವ ಹೊತ್ತಿಗೆ ಯುಪಿಎಸ್‌ನ ಬ್ಯಾಟರಿ ಬದಲಾಯಿಸಲು ಜನ ಬಂದರು. ನಾನೇ ಕೋಣೆ ತೆರೆದು ಅವರ ಜೊತೆ ನಿಂತಿದ್ದೆ. ಯಾವುದೋ ತಂತಿ ಕಳಚಿ ಫೈರ್‌ವಾಲ್ ಒಂದು ಗಳಿಗೆ ಆರಿ ಮತ್ತೆ ಹತ್ತಿತು. ಹತ್ತಿದ್ದೇನೋ ಹತ್ತಿತು, ಆ ಸಾಫ್ಟ್‌ವೇರ್ ಏಳಲಿಲ್ಲ. ಮಿಲ್ಲಿಗೆ ಇಂಟರ್ನೆಟ್ ಇಲ್ಲ. ಕೆಳಗೆ ಆಫೀಸಿನಲ್ಲಿ ಗದ್ದಲ. ಏನಾಗಿದೆ ಎಂದು ನನಗೆ ಗೊತ್ತಿತ್ತು. ಆದರೆ ಆ ಪೆಟ್ಟಿಗೆಯ ಪಾಸ್‌ವರ್ಡ್ ಕಂಟ್ರಾಕ್ಟರನ ಹತ್ತಿರ ಮಾತ್ರ ಇತ್ತು.

ಅವನು ಬಂದ. ಮ್ಯಾನೇಜರ್ ಅವನ ಹೆಗಲ ಹಿಂದೆ ನಿಂತರು. ಪರದೆಯ ಮೇಲೆ ಅದೇ ಸಾಲು: ನೋ ಸಚ್ ಫೈಲ್. ಟೆಂಪ್ ಫೋಲ್ಡರ್ ತೆರೆದರೆ ಖಾಲಿ. ತನ್ನ ಅವಸರದ ಕೆಲಸ ಬಯಲಾಗುವ ಹೊತ್ತು ಬಂದಿದೆ ಎಂದು ಅವನಿಗೂ ಹೊಳೆಯಿತು. ಆಮೇಲೆ ನನ್ನತ್ತ ಕೈ ತೋರಿಸಿ ತಮಿಳಿನಲ್ಲಿ, "ಸಾರ್, ನಾನು ಹಾಕಿದ ಫೈಲ್ ಇಲ್ಲಿತ್ತು, ಈಗ ಇಲ್ಲ. ರೂಮಿನ ಬೀಗದ ಕೈ ಇರುವುದು ಇವರ ಹತ್ತಿರ ಮಾತ್ರ. ಜಾಗ ಖಾಲಿ ಮಾಡಲು ಏನೋ ಅಳಿಸಿದ್ದಾರೆ" ಅಂದ. ಅದೆಷ್ಟು ಸಲೀಸಾಗಿ ಅಂದ!

ನಾನು ಬಾಯಿ ತೆರೆದೆ. ಟೆಂಪ್, ಲೈಬ್ರರಿ, ಹುಡುಕುವ ಜಾಗ, ಪಾಸ್‌ವರ್ಡೇ ಇಲ್ಲದ ನಾನು ಹೇಗೆ ಅಳಿಸಲಿ ಎಂದೆಲ್ಲ ಶುರುಮಾಡಿದೆ. ಮ್ಯಾನೇಜರ್ ಪರದೆಯ ಮೇಲೆ ಬೆರಳಿಟ್ಟು, "ಫೈಲ್ ಇಲ್ಲ ಅಂತ ಮಿಷಿನ್ನೇ ಹೇಳುತ್ತಿದೆಯಲ್ಲಮ್ಮ" ಅಂದರು. ನನ್ನ ಮಾತಿಗಿಂತ ಮಿಷಿನ್ನಿನ ಮಾತು ಅವರಿಗೆ ಹೆಚ್ಚು ಸಾಕ್ಷಿಯಾಯಿತು. ಕಂಟ್ರಾಕ್ಟರ್ ಮತ್ತೆ ಲ್ಯಾಪ್‌ಟಾಪಿನಿಂದ ಅದೇ ಫೈಲನ್ನು ಅದೇ ಟೆಂಪ್‌ಗೆ ಹಾಕಿ, ಅದೇ ರೀತಿ ಎಬ್ಬಿಸಿ, ಈ ಪೆಟ್ಟಿಗೆಯನ್ನು ಇನ್ನು ಯಾರೂ ಮುಟ್ಟಬಾರದು, ಆರಿಸಲೂಬಾರದು ಎಂದು ಹೇಳಿ ಹೋದ. ಅವತ್ತು ಸಂಜೆ ಕೋಣೆಯ ಬೀಗದ ಕೈಯನ್ನು ಸೆಕ್ಯೂರಿಟಿಯವರಿಗೆ ಕೊಡಬೇಕೆಂದು ಮ್ಯಾನೇಜರ್ ಹೇಳಿದರು. ಮರುದಿನದಿಂದ ಗೇಟಿನ ಹತ್ತಿರದ ಲಾರಿ ತೂಕದ ಕೋಣೆಯಲ್ಲಿ ಕೂರಲು ಹೇಳಿದರು.

ಸೊಂಟದಿಂದ ಆ ಬೀಗದ ಕೈ ಬಿಚ್ಚಿ ಸೆಕ್ಯೂರಿಟಿಯವನ ಮೇಜಿನ ಮೇಲೆ ಕುಕ್ಕಿದೆ. ಕೈಗೆ ಸಿಕ್ಕಿದ್ದರೆ ಅವನ ತಂಪು ಕನ್ನಡಕವನ್ನು ಅವನ ಕೈಯಲ್ಲೇ ಮುರಿಸುತ್ತಿದ್ದೆ, ಅಷ್ಟು ಸಿಟ್ಟು.

ತೂಕದ ಕೋಣೆ ಎಂದರೆ ತಗಡಿನ ಮಾಡು, ಒಂದು ಕಿಟಕಿ, ಒಂದು ಹಳೆಯ ಕಂಪ್ಯೂಟರ್. ಹತ್ತಿ ತಂದ ಲಾರಿ ತೂಕದ ಕಟ್ಟೆಯ ಮೇಲೆ ಹತ್ತಿದರೆ ತೂಕ ಬರೆದುಕೊಳ್ಳಬೇಕು, ಇಳಿಸಿ ವಾಪಸು ಬಂದರೆ ಮತ್ತೆ ಬರೆದುಕೊಳ್ಳಬೇಕು. ಡ್ರೈವರುಗಳು ನನ್ನನ್ನು ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು. ಕ್ಯಾಂಟೀನಿನಲ್ಲಿ ಹುಡುಗಿಯರು ಸರಿದು ಜಾಗ ಕೊಡುತ್ತಿದ್ದರು. ಫೈಲ್ ಅಳಿಸಿ ಮಿಲ್ಲು ನಿಲ್ಲಿಸಿದವಳು ಎಂಬ ಅಯ್ಯೋ ಪಾಪದಿಂದ ಸರಿಯುತ್ತಿದ್ದಾರೆ ಎಂದೇ ನನಗೆ ಅನಿಸುತ್ತಿತ್ತು. ಯಾರಾದರೂ ನಕ್ಕರೆ ನನ್ನನ್ನು ನೋಡಿ ನಕ್ಕರು ಅನಿಸುತ್ತಿತ್ತು. ಊಟ ಮೈಗೆ ಹತ್ತಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಲೈಬ್ರರಿ ಗೊತ್ತಿಲ್ಲ, ಫೈರ್‌ವಾಲ್ ಗೊತ್ತಿಲ್ಲ. ಆದರೆ ಮಾಡದ ತಪ್ಪನ್ನು ತಲೆಗೆ ಕಟ್ಟುವುದು ಏನು ಎಂದು ಚೆನ್ನಾಗಿ ಗೊತ್ತು.

"ಅಳ್ತೀಯಾ?" ಅಂದಳು.

"ಇಲ್ಲ."

"ಅಳ್ಬೇಡ. ಸುಮ್ನೆ ಅವನ್ನ ಗಮನ್ಸ್ತಾ ಇರು. ಅವ್ನ್ ಮಾಡಿದ್ ವೇಲೇನೇ ಅವನ್ ಕಾಲಿಗ್ ಸುತ್ಕೊಳ್ಳುತ್ತೆ."

ವೇಲೆ ಎಂದರೆ ನಮ್ಮಲ್ಲಿ ಕೆಲಸ. ಗಮನಿಸುವುದಕ್ಕೆ ಏನೂ ಇರಲಿಲ್ಲ. ಅವನ ಕೆಲಸ ಹೇಗೆ ಬೀಳುತ್ತದೆ ಎಂದು ನನಗೆ ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟ. ಪೆಟ್ಟಿಗೆ ಒಮ್ಮೆ ಆರಿದರೆ ಸಾಕು. ಅದು ಆರುವ ಹೊತ್ತಿಗೆ ನಾನು ಆ ಕೋಣೆಯಿಂದ ಆದಷ್ಟು ದೂರ, ಹತ್ತು ಜನರ ಕಣ್ಣೆದುರಿಗೆ ಇರಬೇಕು. ಆಗ ಅಳಿಸಿದ್ದು ಯಾರು ಎಂದು ಅವನು ಯಾರ ಕಡೆ ಕೈ ತೋರಿಸುತ್ತಾನೆ ನೋಡೋಣ. ಆದರೆ ಆರಿಸುವವರು ಯಾರು? ಮುಟ್ಟಬಾರದೆಂದು ಅವನು ಹೇಳಿ ಹೋದ ಮೇಲೆ ಮಿಲ್ಲಿನಲ್ಲಿ ಎಲ್ಲರೂ ಆ ಪೆಟ್ಟಿಗೆಗೆ ಹೆದರುತ್ತಿದ್ದರು. ಬೇಸಿಗೆ ಮುಗಿಯಿತು, ಆಡಿ ಎಂಬ ಆಷಾಢದ ಗಾಳಿ ಬೀಸಿ ಹೋಯಿತು. ನಾನು ಲಾರಿ ತೂಗುತ್ತಾ ಕಾದೆ. ಒಂದು ದಿನ ಸೆಕ್ಯೂರಿಟಿಯವನು ಆಯುಧ ಪೂಜೆಗೆ ಮಾವಿನೆಲೆ ಎಲ್ಲಿಂದ ತರಬೇಕೆಂದು ಕೇಳಿದ. ಆ ಕ್ಷಣ ನನಗೆ ದಾರಿ ಕಂಡಿತು. ಸಂತೋಷದಿಂದ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ.

ನಮ್ಮ ಮಿಲ್ಲಿನಲ್ಲಿ ಆಯುಧ ಪೂಜೆ ಎಂದರೆ ಬರೀ ಕುಂಕುಮ ಹಚ್ಚಿ ಪೊರಿ ಎಂಬ ಮಂಡಕ್ಕಿ ಹಂಚುವ ಹಬ್ಬವಲ್ಲ. ಮಾಲೀಕರೂ ನಮ್ಮವರೇ, ಕಂಬಂ ಕಡೆಯವರು. ಎತ್ತು ನೇಗಿಲಿನ ಕಾಲದಿಂದ ಅವರ ಮನೆಯಲ್ಲಿ ಒಂದು ಕಟ್ಟಳೆ ಉಂಟು. ದುಡಿಯುವ ಯಾವುದೇ ಸಾಮಾನನ್ನು ಆ ದಿನ ತೊಳೆದು, ಗಂಧ ಇಟ್ಟು, ಒಂದು ರಾತ್ರಿ ಮಲಗಿಸಬೇಕು. ವಿಜಯದಶಮಿಯ ಬೆಳಿಗ್ಗೆ ಒಳ್ಳೆಯ ಹೊತ್ತಿನಲ್ಲಿ ಎಬ್ಬಿಸಬೇಕು. ಮಲಗಿಸದೆ ಬಿಟ್ಟರೆ ವರ್ಷವಿಡೀ ಮನೆಗೆ ಕೇಡು ಎಂದು ಮಾಲೀಕರ ತಾಯಿಯ ನಂಬಿಕೆ. ಎಲ್ಲರೂ ಅವರನ್ನು ಅವ್ವ ಅನ್ನುತ್ತಾರೆ. ಉಳಿದ ದಿನ ಮಿಲ್ಲಿನ ಕಡೆ ತಲೆ ಹಾಕದ ಅವ್ವ, ಅವತ್ತು ಮಾತ್ರ ಬಂದು ಒಂದೊಂದು ಮಿಷಿನ್ನಿನ ಹತ್ತಿರವೂ ನಿಂತು ನೋಡುತ್ತಾರೆ. ದೊಡ್ಡ ದೊಡ್ಡ ನೂಲುವ ಯಂತ್ರಗಳು ನಿಲ್ಲುತ್ತವೆ. ಫೋರ್ಕ್‌ಲಿಫ್ಟ್, ಜನರೇಟರ್, ಆಫೀಸಿನ ಪ್ರಿಂಟರ್, ಕ್ಯಾಂಟೀನಿನ ಹಿಟ್ಟು ರುಬ್ಬುವ ಗ್ರೈಂಡರ್ ಕೂಡ ಗಂಧ ಕುಂಕುಮ ಹಚ್ಚಿಕೊಂಡು ಮಲಗುತ್ತವೆ.

ಆ ವರ್ಷ ನಾನು ತೂಕದ ಕೋಣೆಯನ್ನು ಬೆಳಗಿನಿಂದ ತೊಳೆದೆ. ರಂಗೋಲಿ ಹಾಕಿದೆ. ಕಂಪ್ಯೂಟರ್ ಆರಿಸಿ ಅದಕ್ಕೆ ಚೆಂಡು ಹೂವಿನ ಸರ ಹಾಕಿ, ಲಿಂಬೆಹಣ್ಣು ಇಟ್ಟು, ಮಹಾ ಭಕ್ತೆಯ ಹಾಗೆ ಬಾಗಿಲಲ್ಲಿ ನಿಂತೆ. ಅವ್ವ ಆರತಿ ತಟ್ಟೆ ಹಿಡಿದ ಹೆಂಗಸರ ಜೊತೆ ಬಂದರು, ಹಿಂದೆ ಬೆವರು ಒರೆಸಿಕೊಳ್ಳುತ್ತಾ ಮ್ಯಾನೇಜರ್.

"ನೀನ್ ಓಡೈಪಟ್ಟಿಯೋಳಲ್ವಾ ತಾಯಿ? ಚೆನ್ನಾಗ್ ಮಾಡಿದ್ದೀಯ" ಅಂದರು ಅವ್ವ. "ಎಲ್ಲಾನೂ ಮಲಗ್ಸಿ ಆಯ್ತಾ?"

ಅಷ್ಟು ದಿನದಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಗ ಬಿಟ್ಟೆ.

"ಎಲ್ಲಾ ಆಯ್ತು ಅವ್ವ. ಮಾಡಿ ಮ್ಯಾಲೆ ಒಂದು ಮಿಷಿನ್ ಮಾತ್ರ ಓಡ್ತಾನೇ ಐತೆ. ಅದ್ಕೆ ಪೂಜೆ ಬೇಡ ಅಂತ ಏಳ್ಬಿಟ್ಟವ್ರೆ."

ಅವ್ವ ಮ್ಯಾನೇಜರರ ಕಡೆ ತಿರುಗಿದರು. ಆ ಮುಖ ನೋಡಬೇಕಿತ್ತು. ಮ್ಯಾನೇಜರ್ ತಡವರಿಸುತ್ತಾ, ಅದು ಇಂಟರ್ನೆಟ್ ಪೆಟ್ಟಿಗೆ, ಆರಿಸಬಾರದೆಂದು ಎಂಜಿನಿಯರ್ ಹೇಳಿದ್ದಾರೆ ಎಂದರು. "ಎಂಜಿನಿಯರ್ ಏಳಿದ್ರೆ ದ್ಯಾವ್ರು ಒಪ್ಪುತ್ತಾ?" ಎಂದು ಕೇಳಿ ಅವ್ವ ಸೀರೆಯ ನೆರಿಗೆ ಹಿಡಿದು ಮಹಡಿಯ ಮೆಟ್ಟಿಲಿನ ಕಡೆ ಹೊರಟೇಬಿಟ್ಟರು. ಮ್ಯಾನೇಜರ್ ಓಡುತ್ತಾ ಕಂಟ್ರಾಕ್ಟರನಿಗೆ ಫೋನು ಮಾಡಿದರು. ಅವನು ರಜೆಗೆ ಹೆಂಡತಿ ಮಕ್ಕಳ ಜೊತೆ ಬೋಡಿಮೆಟ್ಟಿಗೆ ಹೋಗಿದ್ದ. ಆ ಘಟ್ಟದ ಮೇಲೆ ಸಿಗ್ನಲ್ ಸಿಗುವುದು ಅಪರೂಪ.

ನಾನು ಮೆಟ್ಟಿಲ ಹತ್ತಿರವೂ ಹೋಗಲಿಲ್ಲ. ಸೆಕ್ಯೂರಿಟಿಯವರ ಜೊತೆ ಗೇಟಿನಲ್ಲಿ ಬೂದುಗುಂಬಳ ಒಡೆಯುವುದನ್ನು ನೋಡುತ್ತಾ, ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದೆ. ಪೆಟ್ಟಿಗೆಯ ಮೇಲೆ ಗಂಧ ಕುಂಕುಮ ಹಚ್ಚಿದರು, ಮ್ಯಾನೇಜರೇ ತಮ್ಮ ಕೈಯಾರೆ ಗುಂಡಿ ಒತ್ತಿ ಆರಿಸಿದರು, ಅವ್ವ ಮುಂದೆ ನಿಂತು ಬಾಗಿಲಿಗೆ ಬೀಗ ಹಾಕಿಸಿದರು ಎಂದು ಆರತಿ ತಟ್ಟೆ ಹಿಡಿದಿದ್ದ ಹೆಂಗಸು ಬಂದು ಹೇಳಿದಳು. ನನ್ನ ಹೊಟ್ಟೆ ತಣ್ಣಗಾಯಿತು. ಪೊರಿ, ಕಡಲೆ, ಬೆಲ್ಲ ಅವತ್ತಿನಷ್ಟು ರುಚಿಯಾಗಿ ಯಾವತ್ತೂ ಇರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಒಳ್ಳೆಯ ಹೊತ್ತು ನೋಡಿ ಎಲ್ಲವನ್ನೂ ಎಬ್ಬಿಸಿದರು. ಯಂತ್ರಗಳು ಗುಂಯ್‌ಗುಟ್ಟಿದವು. ಗ್ರೈಂಡರ್ ತಿರುಗಿತು. ಮಹಡಿಯ ಮೇಲಿನ ಪೆಟ್ಟಿಗೆಯೂ ಕುಂಕುಮ ಹಚ್ಚಿಕೊಂಡೇ ಕಣ್ಣು ಮಿಟುಕಿಸಿತು, ಆದರೆ ಇಂಟರ್ನೆಟ್ ಬರಲಿಲ್ಲ. ನೂಲು ತುಂಬಿದ ಲಾರಿಗಳು ತೂತುಕುಡಿ ಬಂದರಿಗೆ ಹೊರಡಬೇಕು. ಆನ್‌ಲೈನಿನಲ್ಲಿ ಸರಕು ಸಾಗಣೆಯ ಇ-ವೇ ಬಿಲ್ ಬಾರದೆ ಲಾರಿ ಗೇಟು ದಾಟುವಂತಿಲ್ಲ, ಬಿಲ್ಲು ಮಾಡುವ ಸಾಫ್ಟ್‌ವೇರ್ ಆ ಒಂದೇ ದಾರಿಯಲ್ಲಿ ಹೊರಗೆ ಹೋಗುತ್ತಿತ್ತು. ಲಾರಿಗಳು ನನ್ನ ಕಿಟಕಿಯ ಮುಂದೆಯೇ ಸಾಲುಗಟ್ಟಿದವು. ಡ್ರೈವರುಗಳು ಹಾರ್ನ್ ಹೊಡೆದರು. ನನಗೆ ಅದು ನಾದಸ್ವರದ ಹಾಗೆ ಕೇಳಿಸಿತು.

ಕೊನೆಗೆ ಫೋನು ಸಿಕ್ಕಿ ಕಂಟ್ರಾಕ್ಟರ್ ಘಟ್ಟ ಇಳಿದು ಬಂದ. ಬೋಡಿಮೆಟ್ಟಿನ ಒಂದೊಂದು ತಿರುವಿನಲ್ಲೂ ಅವನ ಹೆಂಡತಿ ಬೈದಿರಲಿ ಎಂದು ನಾನು ಮನಸಾರೆ ಹಾರೈಸಿದೆ. ಅವನು ನನ್ನ ಕಿಟಕಿಯ ಮುಂದೆಯೇ ಕಾರು ನಿಲ್ಲಿಸಿ, ನೋಡದ ಹಾಗೆ ಮೇಲೆ ಹೋದ. ಮಧ್ಯಾಹ್ನದ ಊಟದ ಹೊತ್ತು ದಾಟಿದರೂ ಕೆಳಗೆ ಇಳಿಯಲಿಲ್ಲ. ಯಾಕೆ ತಡ ಎಂದು ನನಗೂ ಆಶ್ಚರ್ಯವಾಯಿತು. ಟೆಂಪ್‌ಗೆ ಮತ್ತೆ ಫೈಲ್ ಹಾಕಿ ಎಬ್ಬಿಸುವುದು ಅವನ ಹಳೆಯ ವಿದ್ಯೆ ತಾನೇ?

ಆಮೇಲೆ ಗೊತ್ತಾಯಿತು. ಅವನು ಲ್ಯಾಪ್‌ಟಾಪ್ ಬದಲಾಯಿಸಿದ್ದ. ಹಳೆಯ ಫೈಲ್ ಅದರ ಜೊತೆಯೇ ಹೋಗಿತ್ತು. ಫೋನಿನ ಇಂಟರ್ನೆಟ್ ಹಚ್ಚಿ ಎಲ್ಲಿಂದಲೋ ಅದೇ ಹೆಸರಿನ ಬೇರೆ ಫೈಲ್ ಇಳಿಸಿಕೊಂಡ. ಹೆಸರು ಅದೇ, ಆವೃತ್ತಿ ಬೇರೆ. ಈಗ ಬೇಕಾದ ಆವೃತ್ತಿ ಇಲ್ಲ ಎಂದು ಪರದೆ ಬೈಯಿತು. ಇನ್ನೊಂದನ್ನು ತಂದ, ಅದಕ್ಕೆ ಮತ್ತೊಂದು ಲೈಬ್ರರಿ ಬೇಕೆಂದಿತು. ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದ, ಮತ್ತೆ ಅದೇ ಸಾಲು. ಅಷ್ಟರಲ್ಲಿ ಸುದ್ದಿ ತಿಳಿದ ಅವ್ವ ಮಹಡಿ ಹತ್ತಿ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರು ಯಾರೆಂದು ತಿಳಿಯದೆ ಅವನು ಮ್ಯಾನೇಜರರ ಮೇಲೆ ಹರಿಹಾಯ್ದ. ಯಾವ ಬುದ್ಧಿಯಿಲ್ಲದವರು ಇದನ್ನು ಪೂಜೆಗೆ ಆರಿಸಿದ್ದು ಎಂದು ಕೇಳಿದ.

"ನಾನೇ ಆರ್ಸಿದ್ದು" ಅಂದರಂತೆ ಅವ್ವ. "ಒಂದ್ ರಾತ್ರಿ ಮಲಗಿದ್ರೆ ಏಳ್ದೇ ಇರೋ ಮಿಷಿನ್ನ ನನ್ ಮಗನ್ ತಲೆಗ್ ಕಟ್ಟಿದ್ದೀಯಲ್ಲ, ನೀನ್ ಯಾವ್ ಎಂಜಿನಿಯರ್?"

ಆಗ ಮ್ಯಾನೇಜರಿಗೆ ನಾನು ನೆನಪಾದೆ. ಸೆಕ್ಯೂರಿಟಿಯವನು ಓಡಿ ಬಂದು ಕರೆದ. ನಾನು ಕೈಯಲ್ಲಿದ್ದ ಲಾರಿಯ ತೂಕ ಪೂರ್ತಿ ಬರೆದು, ನನ್ನ ಕನ್ನಡಕ ಒರೆಸಿಕೊಂಡು, ನಿಧಾನಕ್ಕೆ ಹೋದೆ.

ಮೆಟ್ಟಿಲ ತಿರುವಿನಲ್ಲಿ ಕಂಟ್ರಾಕ್ಟರ್ ಕಾದು ನಿಂತಿದ್ದ. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಮಿಲ್ಲಿನಲ್ಲಿ ಮೊದಲ ಸಲ ಮನೆಮಾತು ಅವನ ಬಾಯಿಂದ ಬಂತು.

"ಅಕ್ಕಾ, ಅವತ್ ನೀನ್ ಏನೋ ಏಳ್ದೆಯಲ್ಲ, ಆ ಫೋಲ್ಡರ್... ಅದೆಲ್ಲೈತೆ? ಒಂದ್ ಮಾತ್ ಏಳ್ಬಿಡು, ನಾನೇ ಓಗಿ ಮಾಡ್ತೀನಿ. ಇವ್ರ್ ಮುಂದೆ ಬ್ಯಾಡ."

"ಟೀಗೆ ಏಳಿ ಬರ್ಲಾ ತಮ್ಮ?" ಎಂದು ಕೇಳಿ ಅವನನ್ನು ದಾಟಿ ಒಳಗೆ ಹೋದೆ.

ಕೋಣೆಯಲ್ಲಿ ಧೂಳು ಕೂತಿತ್ತು. ಅದನ್ನು ನೋಡಿ ಇನ್ನಷ್ಟು ಸಿಟ್ಟು ಬಂತು. ನಾನು ಕುರ್ಚಿಯಲ್ಲಿ ಕೂತೆ. ಅವನೇ ಪಾಸ್‌ವರ್ಡ್ ಒತ್ತಬೇಕಾಯಿತು. ಸಾಫ್ಟ್‌ವೇರಿನ ಸ್ವಂತ ಫೋಲ್ಡರ್ ತೆರೆದೆ, ಅದರೊಳಗೆ ಲೈಬ್ರರಿಗಳ ಫೋಲ್ಡರ್ ತೆರೆದೆ. ಪರದೆಯ ನಡುವೆ ಆ ಫೈಲ್ ಕೂತಿತ್ತು. ಬೇಕಾದ ಹೆಸರು, ಬೇಕಾದ ಆವೃತ್ತಿ. ಪ್ರತಿ ಸಲ ಸಾಫ್ಟ್‌ವೇರ್ ಹಾಕಿದಾಗಲೂ ಅದು ತನ್ನ ಲೈಬ್ರರಿಯನ್ನು ತಾನೇ ತಂದುಕೊಂಡಿತ್ತು. ಇಲ್ಲಿಯೂ ಹುಡುಕು ಎಂದು ಯಾರೂ ಆ ಪೆಟ್ಟಿಗೆಗೆ ಹೇಳಿರಲಿಲ್ಲ, ಅಷ್ಟೇ. ಹುಡುಕುವ ಜಾಗಗಳ ಜೊತೆ ಈ ಜಾಗವನ್ನು ಶಾಶ್ವತವಾಗಿ ಸೇರಿಸಿದೆ. ಹೊಸ ಜಾಗವನ್ನು ಮನಸ್ಸಿಗೆ ತಂದುಕೊಳ್ಳುವಂತೆ ಪೆಟ್ಟಿಗೆಗೆ ಆಜ್ಞೆ ಕೊಟ್ಟೆ. ಸಾಫ್ಟ್‌ವೇರಿಗೆ ಬೇಕಾದ ಲೈಬ್ರರಿಗಳೆಲ್ಲ ಸಿಗುತ್ತಿವೆಯೇ ಎಂದು ಕೇಳಿದೆ. ಇಲ್ಲ ಎಂಬ ಒಂದು ಸಾಲೂ ಬರಲಿಲ್ಲ. ಸಾಫ್ಟ್‌ವೇರನ್ನು ಎಬ್ಬಿಸುವ ಆಜ್ಞೆಯನ್ನೂ ಟೈಪು ಮಾಡಿದೆ. ಎಂಟರ್ ಒತ್ತುವುದೊಂದು ಬಾಕಿ.

ಇದಕ್ಕಾಗಿಯೇ ಅಷ್ಟು ತಿಂಗಳು ಲಾರಿ ತೂಗಿದ್ದು. ಮ್ಯಾನೇಜರರ ಕಡೆ ತಿರುಗಿ ಹೇಳಿದೆ: "ನೋಡಿ ಸಾರ್. ನಾನು ಅಳಿಸಿದೆ ಎಂದಿರಲ್ಲ, ಆ ಫೈಲ್ ಇದೇ. ಮೊದಲ ದಿನದಿಂದ ಇಲ್ಲೇ ಇದೆ."

ಮ್ಯಾನೇಜರ್ ಕೈಗಡಿಯಾರ ನೋಡುತ್ತಾ, "ಎಂದ ಫೈಲ್‌ಮಾ?" ಅಂದರು.

ಯಾವ ಫೈಲಮ್ಮ ಎಂದು. ತಮಾಷೆಗೆ ಅಲ್ಲ, ಜಾರಿಕೊಳ್ಳಲೂ ಅಲ್ಲ. ಅವರಿಗೆ ನಿಜವಾಗಿ ನೆನಪೇ ಇರಲಿಲ್ಲ. ಬೀಗದ ಕೈ ತೆಗೆದುಕೊಂಡದ್ದು ನೆನಪಿದೆಯೇ ಎಂದೆ. ಬೀಗದ ಕೈಗಳೆಲ್ಲ ಸೆಕ್ಯೂರಿಟಿಯಲ್ಲೇ ಇರಬೇಕಲ್ಲವೇ ಎಂದರು. ತೂಕದ ಕೋಣೆಗೆ ಕಳಿಸಿದ್ದು? ಅಲ್ಲಿದ್ದವನು ಬಿಟ್ಟು ಹೋದನಲ್ಲ, ನಂಬಿಕೆಯ ಜನ ಬೇಕಿತ್ತು, ಅದಕ್ಕೆ ನಿನ್ನನ್ನು ಹಾಕಿದೆ ಎಂದರು. ಅದೂ ಒಂದು ಕಾರಣವಿದ್ದೀತು. ಅವರು ಸುಳ್ಳು ಹೇಳುವ ಮುಖವನ್ನು ನಾನು ಬಲ್ಲೆ, ಅದು ಆ ಮುಖವಲ್ಲ. ನಾನು ಅನ್ನ ನೀರು ಬಿಟ್ಟು ಹೊತ್ತುಕೊಂಡು ತಿರುಗಿದ ಅಪವಾದವನ್ನು ಅವರು ಅವತ್ತು ಸಂಜೆಗೇ ಮರೆತು ಮನೆಗೆ ಹೋಗಿದ್ದರು. ಕ್ಯಾಂಟೀನಿನ ಹುಡುಗಿಯರಿಗೂ ಬಹುಶಃ ಏನೂ ಗೊತ್ತಿರಲಿಲ್ಲ. ಬರೀ ಜಾಗ ಕೊಡಲೆಂದು ಸರಿದಿದ್ದರೇನೋ. ಅದನ್ನು ನೆನಪಿಟ್ಟುಕೊಂಡವರು ಇಡೀ ಮಿಲ್ಲಿನಲ್ಲಿ ಇಬ್ಬರೇ, ನಾನು ಮತ್ತು ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ ಅವನು.

ಅಪವಾದ ಹೊರಿಸಿದ್ದಕ್ಕಿಂತ ಮರೆತದ್ದು ಹೆಚ್ಚು ಸುಟ್ಟಿತು. ಕೀಬೋರ್ಡಿನ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

"ಒತ್ತು ಮಾ, ಲಾರಿ ನಿಂತಿವೆ" ಅಂದರು ಮ್ಯಾನೇಜರ್.

"ಒತ್ತುತ್ತೇನೆ ಸಾರ್. ಮೊದಲು ಕೇಳಿ."

ಹೇಳಿದೆ. ಅವನು ಮೊದಲ ದಿನ ಫೈಲ್ ಎಲ್ಲಿ ಹಾಕಿದ ಎನ್ನುವುದರಿಂದ ಹಿಡಿದು, ನಾನು ತರಿಸಿದ ಟೀಯವರೆಗೆ, ಯುಪಿಎಸ್ ದಿನ ಅವನು ತೋರಿಸಿದ ಬೆರಳಿನವರೆಗೆ, ಮ್ಯಾನೇಜರ್ ಪರದೆಯ ಮೇಲೆ ಇಟ್ಟ ಬೆರಳಿನವರೆಗೆ, ಉಪ್ಪು ಖಾರ ಹಚ್ಚದೆ, ಒಂದನ್ನೂ ಬಿಡದೆ ಹೇಳಿದೆ. ಮೊದಲು ತಮಿಳಿನಲ್ಲಿ, ಅವ್ವನಿಗೆ ಅರ್ಥವಾಗದ ಕಡೆ ನಮ್ಮ ಕನ್ನಡದಲ್ಲಿ. ಕೆಳಗೆ ಹಾರ್ನುಗಳು ಅರಚುತ್ತಿದ್ದವು. ಮ್ಯಾನೇಜರರ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ನನಗೆ ಅವಸರವಿರಲಿಲ್ಲ. ಅವರು ಒಮ್ಮೆ ನಡುವೆ ಬಾಯ್ದೆರೆದಾಗ ಅವ್ವ, "ಸುಮ್ಕಿರಪ್ಪ, ಅವ್ಳ್ ಮುಗಿಸ್ಲಿ" ಅಂದರು.

ಮುಗಿಸಿದ ಮೇಲೆ ಮ್ಯಾನೇಜರ್ ಪರದೆಯ ಮೇಲಿದ್ದ ಆ ಫೈಲಿನ ಹೆಸರನ್ನು ಓದಿಕೊಂಡರು. ಆಮೇಲೆ, "ನೀನು ಅಳಿಸಲಿಲ್ಲಮ್ಮ" ಎಂದು ತಮಿಳಿನಲ್ಲಿ ಸಣ್ಣ ದನಿಯಲ್ಲಿ ಹೇಳಿದರು. ಏಸಿಯ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ ಎಂದೆ. ಗಟ್ಟಿಯಾಗಿ ಹೇಳಿದರು. ನಾನು ಕಂಟ್ರಾಕ್ಟರನನ್ನು ನೋಡಿದೆ. ಅವನೂ ಹೇಳಿದ, ಮನೆಮಾತಿನಲ್ಲಿ. ತಮಿಳಿನಲ್ಲಿ ಹೊರಿಸಿದ್ದನ್ನು ತಮಿಳಿನಲ್ಲೇ ಇಳಿಸು ಎಂದೆ. ಇಳಿಸಿದ. ಎಂಟರ್ ಒತ್ತಿದೆ. ಸಾಫ್ಟ್‌ವೇರ್ ಎದ್ದಿತು, ಕೆಳಗಿನ ಆಫೀಸಿನಿಂದ ಬಂತು ಬಂತು ಎಂಬ ಕೂಗು ಕೇಳಿಸಿತು.

ಅವ್ವ ಕುರ್ಚಿಯಿಂದ ಎದ್ದು ನನ್ನ ಹೆಗಲು ಹಿಡಿದು ನಿಂತರು. ನಾನು ಎಲ್ಲವನ್ನೂ ಹೇಳಿದ್ದೆ, ತೂಕದ ಕೋಣೆಯ ಬಾಗಿಲಲ್ಲಿ ಅವರಿಗೆ ಹೇಳಿದ ಮಾತೊಂದನ್ನು ಬಿಟ್ಟು. ಅವರು ನನ್ನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

"ಬರೋ ವರ್ಷಾನೂ ಇದನ್ನ ಮಲಗಿಸ್ಬೌದಾ ತಾಯಿ?" ಎಂದು ಕೇಳಿದರು.

"ಧಾರಾಳವಾಗಿ ಮಲಗಿಸಿ ಅವ್ವ" ಅಂದೆ, ಕಂಟ್ರಾಕ್ಟರನ ಮುಖ ನೋಡುತ್ತಾ. "ಇನ್ ಮೇಲೆ ಇದನ್ನ ಎಬ್ಬಿಸೋಕೆ ಇವನ್ನ ಕರೀಬೇಕಾಗಿಲ್ಲ."